ಮೀಸಲು ಪಡೆಯಲ್ಲಿ ಹುದ್ದೆ ಚಿಕ್ಕದಾದರೆ ಪರಿಣತಿಗೆ ಬೆಲೆಯಿಲ್ಲವೇ?

ಪ್ರಶ್ನೆ:
ನಾನು ಸೇನೆಯ ಮೀಸಲು ಪಡೆಯಲ್ಲಿ, ಅಂದರೆ ಬೇರೆ ಉದ್ಯೋಗದಲ್ಲಿದ್ದು ಕರೆದಾಗ ಸೇವೆಗೆ ಹೋಗುವವರ ಪಡೆಯಲ್ಲಿ, ಕಾರ್ಪೊರಲ್ ಎಂಬ ಕೆಳದರ್ಜೆಯ ಹುದ್ದೆಯಲ್ಲಿದ್ದೇನೆ. ಹೊರಗಿನ ಉದ್ಯೋಗದಲ್ಲಿ ಕುಡಿಯುವ ನೀರಿನ ಶುದ್ಧೀಕರಣ ಘಟಕಗಳನ್ನು ವಿನ್ಯಾಸಗೊಳಿಸುವ ಎಂಜಿನಿಯರ್. ಕಳೆದ ತರಬೇತಿ ಶಿಬಿರದಲ್ಲಿ ಹೊಳೆಯ ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಬೆರೆಸಲು ಆದೇಶವಾಯಿತು. ಮೊದಲು ನೀರನ್ನು ತಿಳಿಯಾಗಿಸಿ ಸೋಸದಿದ್ದರೆ ಕ್ಲೋರಿನ್ ಕೆಸರಿಗೇ ವ್ಯಯವಾಗುತ್ತದೆ, ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಬಿಡುತ್ತವೆ ಎಂದು ಹೇಳಿದಾಗ, ‘ಕೇಳಿದಾಗ ಹೇಳಿದರೆ ಸಾಕು’ ಎಂದು ಲೆಫ್ಟಿನೆಂಟರು ಮಾತು ಮುಗಿಸಿದರು. ಆದೇಶ ಪಾಲಿಸಲು ನನ್ನ ತಕರಾರಿಲ್ಲ. ಆದರೆ ತಿಳಿದದ್ದನ್ನು ಹೇಳಲು ಶಿಸ್ತಿಗೆ ಭಂಗ ಬಾರದ ದಾರಿ ಇದೆಯೇ?

ಉತ್ತರ 1:
ಇದು ಹಳೆಯ ಕಾಯಿಲೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಕಲಾಕೃತಿಗಳನ್ನು ಉಳಿಸಲು ಹೋದ ಜಾರ್ಜ್ ಸ್ಟೌಟ್ ಹಾರ್ವರ್ಡಿನ ಫಾಗ್ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಣಾ ತಜ್ಞರಾಗಿದ್ದವರು. ಸೇನೆಯ ಮಟ್ಟಿಗೆ ಅವರು ನೌಕಾಪಡೆಯ ಒಬ್ಬ ಲೆಫ್ಟಿನೆಂಟ್ ಮಾತ್ರ. ಅವರಂಥ ಅಧಿಕಾರಿಗಳು ಸಲಹೆ ಕೊಡಬಹುದಿತ್ತೇ ಹೊರತು ಆಜ್ಞಾಪಿಸುವಂತಿರಲಿಲ್ಲ, ಎಷ್ಟೋ ಸಲ ಓಡಾಡಲು ವಾಹನವೂ ಸಿಗುತ್ತಿರಲಿಲ್ಲ. ಇದಕ್ಕೆ ಪರಿಹಾರವೆಂದರೆ ತಜ್ಞರಿಗೆ ನೇರವಾಗಿ ದೊಡ್ಡ ಹುದ್ದೆ ಕೊಡುವುದು. 2025ರ ಜೂನ್‌ನಲ್ಲಿ ಅಮೆರಿಕದ ಸೇನೆ ತಂತ್ರಜ್ಞಾನ ಕ್ಷೇತ್ರದ ನಾಲ್ವರು ಹಿರಿಯರನ್ನು ಮೀಸಲು ಪಡೆಗೆ ಲೆಫ್ಟಿನೆಂಟ್ ಕರ್ನಲ್‌ಗಳಾಗಿಯೇ ಸೇರಿಸಿಕೊಂಡಿತು.

ಉತ್ತರ 2:
ಮೇಲಿನವರ ಪರಿಹಾರವನ್ನು ನಾನು ಒಪ್ಪಲಾರೆ. ಹೊರಗೆ ಹೆಸರು ಮಾಡಿದವರಿಗೆ ಆ ಬಾಗಿಲು ತೆರೆಯುತ್ತದೆ. ಈಗಾಗಲೇ ಪಡೆಯೊಳಗೆ ಕಾರ್ಪೊರಲ್ ಆಗಿರುವ ಎಂಜಿನಿಯರನ್ನು ಯಾರೂ ರಾತ್ರೋರಾತ್ರಿ ಕರ್ನಲ್ ಮಾಡುವುದಿಲ್ಲ, ಮಾಡಲೂಬಾರದು, ಏಕೆಂದರೆ ನೀರನ್ನು ಬಲ್ಲವರೆಲ್ಲ ಸೈನಿಕರನ್ನು ಮುನ್ನಡೆಸಲು ಬಲ್ಲವರಲ್ಲ. ಯೇಲ್ ವಿಶ್ವವಿದ್ಯಾಲಯದಿಂದ 1934ರಲ್ಲಿ ಗಣಿತದ ಡಾಕ್ಟರೇಟ್ ಪಡೆದಿದ್ದ ಗ್ರೇಸ್ ಹಾಪರ್ ಅವರಿಗೆ 1944ರಲ್ಲಿ ಅಮೆರಿಕದ ನೌಕಾ ಮೀಸಲು ಪಡೆಯಲ್ಲಿ ಸಿಕ್ಕಿದ್ದು ಕಿರಿಯ ಲೆಫ್ಟಿನೆಂಟ್ ಹುದ್ದೆ. ಆದರೂ ಅವರ ವಿದ್ಯೆ ಪೋಲಾಗಲಿಲ್ಲ. ಅವರನ್ನು ಕಳುಹಿಸಿದ್ದು ಹಾರ್ವರ್ಡಿನ ಮಾರ್ಕ್ 1 ಗಣಕಯಂತ್ರದ ಬಳಿಗೆ. ಹುದ್ದೆಗಿಂತ ನಿಯೋಜನೆ ಮುಖ್ಯ. ಹೊರಗಿನ ಉದ್ಯೋಗದ ವಿವರವನ್ನು ಮೀಸಲು ಯೋಧರು ಸಲ್ಲಿಸುವುದು ಅಮೆರಿಕದಲ್ಲಿ ಕಡ್ಡಾಯವೇ ಆಗಿದೆ. ಆದರೆ ನಿಯೋಜಿಸುವವರು ಆ ಕಡತವನ್ನು ತೆರೆದು ನೋಡಬೇಕಲ್ಲ!

ಉತ್ತರ 3:
ಒಂದು ಘಟಕವನ್ನು ನಡೆಸಿದವನಾಗಿ ಹೇಳುತ್ತೇನೆ. ಎಲ್ಲರೆದುರು ತಿದ್ದಿದರೆ ಯುವ ಅಧಿಕಾರಿ ತನ್ನ ಮಾತಿಗೇ ಅಂಟಿಕೊಳ್ಳುತ್ತಾನೆ, ಅದು ಮನುಷ್ಯ ಸ್ವಭಾವ. ಶಿಬಿರಕ್ಕೆ ಮೊದಲೇ ನಿಮ್ಮ ವಿದ್ಯಾರ್ಹತೆ ಮತ್ತು ಅನುಭವವನ್ನು ಒಂದು ಪುಟದಲ್ಲಿ ಬರೆದು, ನಿಮ್ಮ ಸಾರ್ಜೆಂಟರ ಮೂಲಕ ಮೇಲಕ್ಕೆ ಕಳುಹಿಸಿ. ಜಲ ಶುದ್ಧೀಕರಣದ ಮಟ್ಟಿಗೆ ನಿಮ್ಮನ್ನು ತಾಂತ್ರಿಕ ಸಲಹೆಗಾರರೆಂದು ಲಿಖಿತವಾಗಿ ನೇಮಿಸುವಂತೆ ಕೋರಿ. ಅಂಥ ಪತ್ರವಿದ್ದರೆ ನಿಮ್ಮನ್ನು ಕೇಳುವುದು ಲೆಫ್ಟಿನೆಂಟರ ಕರ್ತವ್ಯವಾಗುತ್ತದೆ, ನಿರ್ಧಾರ ಮಾತ್ರ ಅವರದ್ದಾಗಿಯೇ ಉಳಿಯುತ್ತದೆ. ಇನ್ನು, ಆ ನೀರನ್ನು ಜನ ಕುಡಿಯುವುದಿದ್ದರೆ ಪತ್ರಕ್ಕಾಗಿ ಕಾಯಬೇಡಿ, ಘಟಕದ ವೈದ್ಯಾಧಿಕಾರಿಗೆ ಕೂಡಲೇ ತಿಳಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೋರಿಕೆಯನ್ನು ಈ ವಾರವೇ ಸಾರ್ಜೆಂಟರಿಗೆ ಕೊಡುತ್ತೇನೆ. ಅದರ ಜೊತೆಗೆ ನೀರಿನ ರಾಡಿತನದ ಅಳತೆಗಳನ್ನೂ ಲಗತ್ತಿಸಬಹುದೇ, ಅಥವಾ ಅದು ದೂರಿನಂತೆ ಕಾಣುತ್ತದೆಯೇ?

ಉತ್ತರ 3 ಬರೆದವರು:
ಅಳತೆಗಳು ಬೇಡ. ಕೋರಿಕೆ ಬೇರೆ, ದೂರು ಬೇರೆಯಾಗಿಯೇ ಇರಲಿ.