ಫೀನಿಕ್ಸ್‌ನಿಂದ ಲಾಸ್ ವೇಗಾಸ್‌ಗೆ ಹಾರಿದರೆ ಕಮರ್ಷಿಯಲ್ ಲೈಸೆನ್ಸ್‌ನ ಲೆಕ್ಕಕ್ಕೆ ಬರುತ್ತದೆಯೇ?

ತೋಟದಮನೆ:
ನಾನು ತೀರ್ಥಹಳ್ಳಿ ಕಡೆಯವನು, ಅರಿಝೋನಾದಲ್ಲಿ ಪೈಲಟ್ ತರಬೇತಿಯಲ್ಲಿದ್ದೇನೆ. ಪ್ರೈವೇಟ್ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರುವ ಅರ್ಹತೆ) ಮುಗಿದಿವೆ. ಲಾಗ್‌ಬುಕ್‌ನಲ್ಲಿ 212 ಗಂಟೆಗಳಿವೆ. 250 ತುಂಬಿದರೆ ಕಮರ್ಷಿಯಲ್ ಲೈಸೆನ್ಸ್ (ಸಂಬಳಕ್ಕೆ ಹಾರಲು ಬೇಕಾದದ್ದು) ಪರೀಕ್ಷೆಗೆ ಹೋಗಬಹುದಲ್ಲವೇ? ಅಪ್ಪ ಅಡಿಕೆ ತೋಟ ಅಡವಿಟ್ಟು ಕಳುಹಿಸಿದ್ದಾರೆ, ಒಂದು ಗಂಟೆ ಹೆಚ್ಚು ಹಾರುವುದಕ್ಕೂ ಕೈ ನಡುಗುತ್ತದೆ. ಅದಕ್ಕೆ ಬೇಕಾದ ದೂರದ ಒಂಟಿ ಹಾರಾಟಕ್ಕೆ ಫೀನಿಕ್ಸ್‌ನಿಂದ ಲಾಸ್ ವೇಗಾಸ್ ಆರಿಸಿದ್ದೇನೆ. ಅಂತರ್ಜಾಲದಲ್ಲಿ 255 ಮೈಲಿ ಎಂದಿದೆ.

ಹಳೆಯ ಸೆಸ್ನಾ:
ತಮ್ಮಾ, ಅದು ನೆಲದ ಮೈಲಿ. ನಿಯಮ ಕೇಳುವುದು ನಾಟಿಕಲ್ ಮೈಲಿ, ಹಡಗು-ವಿಮಾನಗಳ ಲೆಕ್ಕದ್ದು, ನೆಲದ ಮೈಲಿಗಿಂತ ಉದ್ದ. ಆ ಲೆಕ್ಕದಲ್ಲಿ ವೇಗಾಸ್ 222ಕ್ಕೇ ಮುಗಿಯಿತು. ಒಟ್ಟು 300 ಆಗಬೇಕು, ಮೂರು ಕಡೆ ಇಳಿಯಬೇಕು, ಅದರಲ್ಲಿ ಒಂದು ಜಾಗ ಹೊರಟಲ್ಲಿಂದ ನೇರ ಗೆರೆಯಲ್ಲಿ ಕನಿಷ್ಠ 250 ದೂರವಿರಬೇಕು. ನನಗೂ ಇದೇ ಆಗಿತ್ತು. ನಕ್ಷೆಯ ಮೇಲೆ ದೂರ ಅಳೆಯುವ ಪಟ್ಟಿ, ಪ್ಲಾಟರ್, ಅದರ ಒಂದು ಅಂಚಿನಲ್ಲಿ ನೆಲದ ಮೈಲಿ, ಇನ್ನೊಂದರಲ್ಲಿ ನಾಟಿಕಲ್. ನಾನು ತಪ್ಪು ಅಂಚಿನಲ್ಲಿ ಅಳೆದು ಬೀಗುತ್ತಿದ್ದೆ. ನನ್ನ ಶಿಕ್ಷಕಿ ಒಂದು ಮಾತೂ ಆಡದೆ ಪ್ಲಾಟರನ್ನು ತಿರುಗಿಸಿಟ್ಟರು. ಕೊನೆಗೆ ಎಲ್ ಪಾಸೊಗೆ ಹೋದೆ, ಫೀನಿಕ್ಸ್‌ನಿಂದ ಸುಮಾರು 300. ಬರುವಾಗ ಟ್ಯೂಸಾನ್‌ನಲ್ಲಿ ಇಳಿದೆ. ಖರ್ಚು ಹಂಚಿಕೊಳ್ಳಲು ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡ, ಆಗ ಅದು ಒಂಟಿ ಹಾರಾಟವಲ್ಲ.

250 ಎಂಬುದು ಹೊರಬಾಗಿಲು ಮಾತ್ರ, ಒಳಗಿನ ಕೋಣೆಗಳನ್ನೂ ನೋಡು. ಪೈಲಟ್ ಇನ್ ಕಮಾಂಡ್ ಆಗಿ, ಎಂದರೆ ವಿಮಾನದ ಹೊಣೆ ಹೊತ್ತವನಾಗಿ 100 ಗಂಟೆ, ಅದರಲ್ಲಿ 50 ಕ್ರಾಸ್ ಕಂಟ್ರಿ, ಎಂದರೆ ಬೇರೆ ಊರಿಗೆ ಹಾರಿದ್ದು. ಚಕ್ರ ಮಡಚುವ ವಿಮಾನದಲ್ಲಿ 10 ಗಂಟೆ ಕಲಿಯಬೇಕು. ಅದರ ಬಾಡಿಗೆ ದುಬಾರಿ. 2018ರಿಂದ ಅದರ ಬದಲು ಡಿಜಿಟಲ್ ಪರದೆ, ಆಟೊಪೈಲಟ್ ಇರುವ ವಿಮಾನವೂ ನಡೆಯುತ್ತದೆ. ನಿನ್ನ ಶಾಲೆಯಲ್ಲಿದೆಯೇ, ವಿಚಾರಿಸು.

ಹೆಚ್ಚಿನವರು ಎಡವುವುದು ರಾತ್ರಿಯ ಲೆಕ್ಕದಲ್ಲಿ. 5 ಗಂಟೆ, 10 ಟೇಕಾಫ್, 10 ಲ್ಯಾಂಡಿಂಗ್, ಅವೂ ಕಂಟ್ರೋಲ್ ಟವರ್ ಕೆಲಸ ಮಾಡುತ್ತಿರುವಾಗಲೇ. ಅನೇಕ ಕಡೆ ಟವರ್ ರಾತ್ರಿ ಬೀಗ ಹಾಕುತ್ತದೆ. ಆಮೇಲೆ ಇಳಿದದ್ದು ಈ ಲೆಕ್ಕಕ್ಕಿಲ್ಲ.

ಪರೀಕ್ಷೆಯಲ್ಲಿ ಸೋತು ಮತ್ತೆ ದುಡ್ಡು ಸುರಿಯಬಾರದೆಂದರೆ ಪವರ್ ಆಫ್ 180, ಎಂದರೆ ಎಂಜಿನ್ ಶಕ್ತಿಯಿಲ್ಲದೆ ತಿರುಗಿ ಇಳಿಯುವುದನ್ನು ಅಭ್ಯಾಸ ಮಾಡು. ಇಳಿಯಬೇಕಾದ ಗೆರೆಯ ನೇರಕ್ಕೆ ಬಂದಾಗ ಥ್ರಾಟಲ್ ಪೂರ್ತಿ ಎಳೆದು, ತಿರುಗಿ, ಗೆರೆ ದಾಟಿ 200 ಅಡಿಯೊಳಗೆ ಚಕ್ರ ತಾಗಿಸಬೇಕು. ಗೆರೆಗಿಂತ ಮೊದಲೇ ತಾಗಿದರೆ ಕಥೆ ಮುಗಿಯಿತು. ನಾನು ಮೊದಲ ಪರೀಕ್ಷೆಯಲ್ಲಿ ಸೋತದ್ದು ಅಲ್ಲೇ.

ಜಕ್ಕೂರು ಗಾಳಿ:
ಊರಿಗೆ ಮರಳುವ ಯೋಚನೆ ಇದ್ದರೆ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ) ಲೆಕ್ಕ ಬೇರೆ. ಒಟ್ಟು 200 ಗಂಟೆ ಸಾಕು, ಆದರೆ ಪೈಲಟ್ ಇನ್ ಕಮಾಂಡ್ ಆಗಿ 15 ಗಂಟೆ ಅರ್ಜಿಗೆ ಹಿಂದಿನ ಆರು ತಿಂಗಳೊಳಗಿನದ್ದಾಗಿರಬೇಕು. ಅಲ್ಲಿ ಲೈಸೆನ್ಸ್ ಪಡೆದು, ಇಲ್ಲಿ ಬಂದು ಪುಸ್ತಕ ಹಿಡಿದು ಕೂತು, ಆ 15 ಗಂಟೆಯನ್ನು ಮತ್ತೆ ಹಾರಿದವರಲ್ಲಿ ನಾನೂ ಒಬ್ಬ. ಡಿಜಿಸಿಎ ಪರೀಕ್ಷೆಗೆ ಅಲ್ಲಿಂದಲೇ ಓದಲು ಶುರು ಮಾಡಿ.

ತೋಟದಮನೆ:
ಸರ್, ಈಗಷ್ಟೇ ಲಾಗ್‌ಬುಕ್ ತೆಗೆದು ನೋಡಿದೆ. ರಾತ್ರಿಯ ಹತ್ತು ಲ್ಯಾಂಡಿಂಗ್‌ಗಳಲ್ಲಿ ನಾಲ್ಕು ಟವರ್ ಮುಚ್ಚಿದ ಮೇಲಿನವು. ಗುರುವಾರ ಸಂಜೆಗೆ ವಿಮಾನ ಕೇಳಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹಳೆಯ ಸೆಸ್ನಾ:
ನಾಲ್ಕು ಲ್ಯಾಂಡಿಂಗ್‌ಗೆ ಒಂದು ಗಂಟೆಯೂ ಬೇಡ. ಟವರ್ ತೆರೆದಿರುವಾಗಲೇ ಇಳಿದು, ಆಮೇಲೆ ಲಾಗ್‌ಬುಕ್‌ನಲ್ಲಿ ಟವರ್ ತೆರೆದಿತ್ತು ಎಂದು ಷರಾ ಬರೆದಿಡು.