ಡ್ರೈಯರ್ ಆನ್ ಆಗುತ್ತದೆ, ಒಳಗಿನ ಡ್ರಮ್ ತಿರುಗುತ್ತಿಲ್ಲ

ಮಿಶಿಗನ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಎಲೆಕ್ಟ್ರಿಕ್ ಡ್ರೈಯರ್, ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಪುಡಿ) ಹಿಡಿಯುವ ಜಾಲರಿ ಮೇಲ್ಗಡೆ ಇರುವ ಥರದ್ದು. ಸ್ವಲ್ಪ ದಿನದಿಂದ ಕಿರ್ರ್ ಕಿರ್ರ್ ಅನ್ನುತ್ತಿತ್ತು. ನಿನ್ನೆ ಓಡುತ್ತಿರುವಾಗಲೇ ಟಪ್ ಅಂತ ಸದ್ದು ಬಂತು. ಈಗ ಸ್ಟಾರ್ಟ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ಬಿಸಿಯೂ ಬರುತ್ತದೆ, ಬಟ್ಟೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊರಗೆ ಹಿಮ, ಮಕ್ಕಳ ಬಟ್ಟೆ ರಾಶಿ ಬಿದ್ದಿದೆ. ಮೋಟಾರೇ ಹೋಯ್ತಾ? ಮನೆಯಲ್ಲೇ ಸರಿ ಮಾಡಬಹುದಾ?

ಮನೆ ರಿಪೇರಿ:
ಮೇಡಂ, ಮೊದಲು ಅದನ್ನು ಓಡಿಸುವುದು ನಿಲ್ಲಿಸಿ. ಡ್ರಮ್ ತಿರುಗದೆ ಬಿಸಿ ಬಂದರೆ ಬಟ್ಟೆ ಒಂದೇ ಕಡೆ ಸುಡುತ್ತದೆ. ಪ್ಲಗ್ ಕಿತ್ತುಬಿಡಿ. 240 ವೋಲ್ಟ್ ಲೈನ್ ಅದು, ಸ್ವಿಚ್ ಆಫ್ ಮಾಡಿದರೆ ಸಾಲದು.

ಈಗ ಬಾಗಿಲು ತೆಗೆದು ಕೈಯಿಂದ ಡ್ರಮ್ ತಿರುಗಿಸಿ ನೋಡಿ. ಮೋಟಾರಿಂದ ಡ್ರಮ್ ತಿರುಗಿಸುವ ಬೆಲ್ಟ್ ಸರಿ ಇದ್ದರೆ ಸ್ವಲ್ಪ ಬಿಗಿ ಅನ್ನಿಸಬೇಕು. ಯಾವ ತಡೆಯೂ ಇಲ್ಲದೆ ಸಲೀಸಾಗಿ ಸುತ್ತಿದರೆ ಬೆಲ್ಟ್ ಹರಿದಿದೆ, ಮೋಟಾರ್ ಚೆನ್ನಾಗಿಯೇ ಇದೆ. (ಕೆಲವು ಮಾಡೆಲ್‌ಗಳಲ್ಲಿ ಬೆಲ್ಟ್ ಹರಿದರೆ ಮೋಟಾರೇ ಸ್ಟಾರ್ಟ್ ಆಗದ ಹಾಗೆ ಒಂದು ಸ್ವಿಚ್ ಇರುತ್ತದೆ, ನಿಮ್ಮದು ಹಾಗಲ್ಲ.)

ಬಿಚ್ಚುವುದು ಕಷ್ಟ ಇಲ್ಲ. ಲಿಂಟ್ ಜಾಲರಿ ಹೊರಗೆ ತೆಗೆದರೆ ಅಲ್ಲಿ ಎರಡು ಸ್ಕ್ರೂ ಇರುತ್ತವೆ. ಅವನ್ನು ತೆಗೆದು, ಮುಂದಿನ ಎರಡೂ ಮೂಲೆಗಳ ಹತ್ತಿರ ಚಪ್ಪಟೆ ಪುಟ್ಟಿ ಚಾಕು ತೂರಿಸಿ ಒತ್ತಿದರೆ ಮೇಲಿನ ಮುಚ್ಚಳ ಏಳುತ್ತದೆ. ಡೋರ್ ಸ್ವಿಚ್‌ನ ವೈರ್ ಬಿಡಿಸಿ, ಒಳಗಡೆಯ ಎರಡು ಸ್ಕ್ರೂ ತೆಗೆದು ಮುಂದಿನ ತಗಡು ಎತ್ತಿ. ಅಂಚು ಚೂಪಾಗಿರುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಡ್ರಮ್ ಕೆಳಗೆ ಜಾರದ ಹಾಗೆ ಇನ್ನೊಬ್ಬರು ಹಿಡಿದುಕೊಳ್ಳಲಿ.

ಮಿಶಿಗನ್ ಕನ್ನಡತಿ:
ಬಿಚ್ಚಿದೆವು. ಬೆಲ್ಟ್ ತುಂಡಾಗಿದೆ, ಅಂಚು ನೂಲುನೂಲಾಗಿದೆ. ಜೊತೆಗೆ ಸಣ್ಣ ಚಕ್ರ ಇರುವ ಒಂದು ಕಬ್ಬಿಣದ ತುಂಡು ತಳದಲ್ಲಿ ಬಿದ್ದಿದೆ. ಅದೂ ಮುರಿದಿದೆಯಾ?

ಮನೆ ರಿಪೇರಿ:
ಮುರಿದಿಲ್ಲ. ಅದು ಐಡ್ಲರ್, ಬೆಲ್ಟನ್ನು ಬಿಗಿಯಾಗಿ ಇಡುವ ಚಕ್ರ. ಈ ಥರದ ಡ್ರೈಯರ್‌ಗಳಲ್ಲಿ ಅದಕ್ಕೆ ಸ್ಕ್ರೂ ಇರುವುದಿಲ್ಲ, ಬೆಲ್ಟಿನ ಬಿಗಿಯೇ ಅದನ್ನು ಹಿಡಿದಿರುತ್ತದೆ. ಬೆಲ್ಟ್ ಹೋದ ಕೂಡಲೇ ಬಿದ್ದುಬಿಡುತ್ತದೆ.

ಆದರೆ ಆ ಚಕ್ರವನ್ನು ಬೆರಳಿಂದ ತಿರುಗಿಸಿ ನೋಡಿ. ಇದು ಮುಖ್ಯ. ಚಕ್ರ ಜಾಮ್ ಆಗಿದ್ದರೆ ಬೆಲ್ಟ್ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ, ನೀವು ಕೇಳಿದ ಕಿರ್ರ್ ಸದ್ದೂ ಅದರದ್ದೇ ಇರಬಹುದು. ಸುಮ್ನೆ ಬೆಲ್ಟ್ ಒಂದನ್ನೇ ಬದಲಿಸಿದರೆ ಹೊಸದೂ ಜಾಸ್ತಿ ದಿನ ಬರುವುದಿಲ್ಲ. ಡ್ರಮ್ಮಿನ ಹಿಂದೆ ಕೆಳಗಡೆ ಅದನ್ನು ಹೊರುವ ಎರಡು ರೋಲರ್ ಇರುತ್ತವೆ, ಅವನ್ನೂ ಹಾಗೇ ನೋಡಿ. ಎಣ್ಣೆ ಮಾತ್ರ ಸುರಿಯಬೇಡಿ, ಲಿಂಟ್ ಅಂಟಿಕೊಂಡು ಮತ್ತೆ ಜಾಮ್ ಆಗುತ್ತದೆ. ಬೆಲ್ಟ್, ಐಡ್ಲರ್, ರೋಲರ್ ಒಟ್ಟಿಗೆ ಕಿಟ್ ಆಗಿ ಸಿಗುತ್ತವೆ. ಮಾಡೆಲ್ ನಂಬರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ, ಅದನ್ನು ಕೊಟ್ಟೇ ತರಿಸಿ.

ಹಾಕುವಾಗ ಬೆಲ್ಟಿನ ಗೀರು ಇರುವ ಮುಖ ಡ್ರಮ್ ಕಡೆಗೆ. ಹಳೆ ಬೆಲ್ಟ್ ಓಡಿದ ಗುರುತು ಡ್ರಮ್ ಮೇಲೆ ಕಾಣುತ್ತದೆ, ಅಲ್ಲೇ ಕೂರಿಸಿ. ಕೆಳಗೆ ಸಡಿಲವಾಗಿ ಉಳಿದದ್ದನ್ನು ಕುಣಿಕೆ ಮಾಡಿ ಐಡ್ಲರ್ ಚಕ್ರದ ಅಡಿಯಿಂದ ತೂರಿಸಿ ಮೋಟಾರ್ ಪುಲ್ಲಿಗೆ ಸಿಕ್ಕಿಸಿ. ಐಡ್ಲರ್‌ಗೆ ನುಣುಪು ಮುಖ, ಪುಲ್ಲಿಗೆ ಗೀರಿನ ಮುಖ ತಾಗಬೇಕು. ಮುಚ್ಚುವ ಮೊದಲು ಕೈಯಿಂದ ಎರಡು ಮೂರು ಸುತ್ತು ತಿರುಗಿಸಿ, ಬೆಲ್ಟ್ ತಾನೇ ನೇರ ಆಗುತ್ತದೆ. ಒಳಗೆ ಕೂತಿರುವ ಲಿಂಟ್ ಎಲ್ಲಾ ವ್ಯಾಕ್ಯೂಮ್ ಮಾಡಿ, ಡ್ರೈಯರ್‌ಗೆ ಬೆಂಕಿ ಹತ್ತುವುದಕ್ಕೆ ಅದೂ ಒಂದು ದೊಡ್ಡ ಕಾರಣ.

ಮಿಶಿಗನ್ ಕನ್ನಡತಿ:
ಐಡ್ಲರ್ ಚಕ್ರ ಅಲುಗಾಡುತ್ತಲೇ ಇರಲಿಲ್ಲ! ಇಡೀ ಕಿಟ್ ತರಿಸಿ ಹಾಕಿದೆವು. ಡ್ರಮ್ ತಿರುಗುತ್ತಿದೆ, ತುಂಬಾ ಥ್ಯಾಂಕ್ಸ್. ಆದರೆ ದಡ್ ದಡ್ ಅಂತ ಸಣ್ಣಗೆ ಸದ್ದು ಬರುತ್ತಿದೆ, ಹಾಗೆ ಬರಬಾರದು ಅಲ್ವಾ?

ಮನೆ ರಿಪೇರಿ:
ಬೆಲ್ಟ್ ಮಡಿಚಿ ಪ್ಯಾಕ್ ಮಾಡಿದ್ದರಿಂದ ಆ ಮಡಿಕೆ ಪುಲ್ಲಿ ದಾಟುವಾಗ ಹಾಗೆ ಬರುತ್ತದೆ. ಬಟ್ಟೆ ಹಾಕದೆ ಬಿಸಿಯಲ್ಲಿ ಸ್ವಲ್ಪ ಹೊತ್ತು ಓಡಿಸಿ, ಹೋಗುತ್ತದೆ. ಹೋಗದಿದ್ದರೆ ಹಿಂದಿನ ರೋಲರ್ ಸರಿಯಾಗಿ ಕೂತಿದೆಯಾ, ಅದರ ಕ್ಲಿಪ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ.