ಹಳೇ ಫುಟಾಬಾ ಸರ್ವೋ, ಹೊಸ ಫ್ಲೈಸ್ಕೈ ರಿಸೀವರ್: ಪ್ಲಗ್ ಕೂರುತ್ತಿಲ್ಲ, ಏನು ಮಾಡಲಿ?

ಬಾಲ್ಸಾ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಅಟ್ಟದ ಮೇಲಿದ್ದ ತಮ್ಮ ಹಳೇ ರಿಮೋಟ್ ಕಂಟ್ರೋಲ್ ಟ್ರೈನರ್ (ಹಾರಿಸಲು ಕಲಿಯುವವರ) ಮಾದರಿ ವಿಮಾನ ಇಳಿಸಿ ನನಗೆ ಕೊಟ್ಟಿದ್ದಾರೆ. ಒಳಗೆ ನಾಲ್ಕು ಫುಟಾಬಾ ಎಸ್3003 ಸರ್ವೋ (ವಿಮಾನದ ಭಾಗಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರ್) ಇವೆ. ಇಂಜಿನ್ ಜಾಮ್ ಆಗಿದೆ, ಅದಕ್ಕೆ ಎಲೆಕ್ಟ್ರಿಕ್ ಮಾಡುತ್ತಿದ್ದೇನೆ. ಹೊಸದಾಗಿ ತೆಗೆದುಕೊಂಡಿದ್ದು ಫ್ಲೈಸ್ಕೈ ಎಫ್‌ಎಸ್-ಐ6 ಸೆಟ್, ಅಂದರೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ಅದರ ಜೊತೆ ವಿಮಾನದೊಳಗೆ ಇಡುವ ಐಎ6ಬಿ ರಿಸೀವರ್.

ಸರ್ವೋ ಪ್ಲಗ್‌ನ ಒಂದು ಬದಿಗೆ ಚಿಕ್ಕ ರೆಕ್ಕೆಯಂಥ ಪ್ಲಾಸ್ಟಿಕ್ ಇದೆ. ಅದು ತಾಗಿ ಪ್ಲಗ್ ಒಳಗೆ ಹೋಗುತ್ತಿಲ್ಲ. ವೈರ್ ಬಣ್ಣವೂ ಬೇರೆ. ಇದರದ್ದು ಬಿಳಿ, ಕೆಂಪು, ಕಪ್ಪು. ನನ್ನ ಹತ್ತಿರ ಇರುವ ಎಸ್‌ಜಿ90 ಸರ್ವೋದು ಕಿತ್ತಳೆ, ಕೆಂಪು, ಕಂದು. ಇನ್ನೊಂದು ತೊಂದರೆ: 60 ಆಂಪಿಯರ್‌ನ, ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿಗೆ ಟಿ ಪ್ಲಗ್ ಬಂದಿದೆ, 4ಎಸ್ (ನಾಲ್ಕು ಸೆಲ್‌ನ) ಬ್ಯಾಟರಿಗೆ ಎಕ್ಸ್‌ಟಿ60. ಅಡಾಪ್ಟರ್ ಹಾಕಿದರೆ ಸಾಕಾ? ಮಾವನ ವಿಮಾನ, ಏನೂ ಸುಡಬಾರದು.

ಸೋಲ್ಡರ್_ಹೊಗೆ:
ತಮ್ಮಾ, ಮಾವ ಇಷ್ಟು ವರ್ಷ ಜೋಪಾನ ಮಾಡಿದ ವಿಮಾನ ಸಿಕ್ಕಿದೆ, ತುಂಬಾ ಖುಷಿಯಾಯಿತು. ನಿಧಾನಕ್ಕೆ ಮಾಡೋಣ.

ಆ ರೆಕ್ಕೆ ಇರುವುದನ್ನು ಫುಟಾಬಾ ಜೆ ಪ್ಲಗ್ ಅನ್ನುತ್ತಾರೆ. ರೆಕ್ಕೆ ಇರುವುದು ಬಿಳಿ ವೈರ್, ಅಂದರೆ ಸಿಗ್ನಲ್ ವೈರ್ ಕಡೆ. ಪ್ಲಗ್ ಉಲ್ಟಾ ಹೋಗದಿರಲಿ ಅಂತ ಅದನ್ನು ಕೊಟ್ಟಿದ್ದಾರೆ. ಹರಿತವಾದ ಕಟರ್ ಬ್ಲೇಡಿನಿಂದ ಸ್ವಲ್ಪ ಸ್ವಲ್ಪವೇ ಕೆತ್ತಿ ತೆಗೆಯಿರಿ, ಆಮೇಲೆ ನುಣ್ಣನೆಯ ಸ್ಯಾಂಡ್ ಪೇಪರ್ ಆಡಿಸಿ. ವೈರ್ ಕತ್ತರಿಸಬೇಕಾಗಿಲ್ಲ. ಪಿನ್‌ಗಳ ನಡುವಿನ ಅಂತರ ಎರಡರಲ್ಲೂ 2.54 ಮಿಲಿಮೀಟರ್, ಸಲೀಸಾಗಿ ಕೂರುತ್ತದೆ.

ಬಣ್ಣ ಬೇರೆಯಾದರೂ ಸಾಲು ಒಂದೇ. ಫುಟಾಬಾದ ಬಿಳಿ, ಜೆಆರ್‌ನ ಕಿತ್ತಳೆ, ಹೈಟೆಕ್‌ನ ಹಳದಿ, ಮೂರೂ ಸಿಗ್ನಲ್. ಕೆಂಪು ಮಧ್ಯದಲ್ಲಿ ಪಾಸಿಟಿವ್. ಕಪ್ಪು ಅಥವಾ ಕಂದು ನೆಗೆಟಿವ್. ಪಾಸಿಟಿವ್ ಮಧ್ಯದಲ್ಲಿ ಇರುವುದೇ ನಮ್ಮನ್ನು ಕಾಯುತ್ತದೆ. ಪ್ಲಗ್ ಉಲ್ಟಾ ಹಾಕಿದರೆ ಸಿಗ್ನಲ್, ನೆಗೆಟಿವ್ ಅದಲು ಬದಲಾಗುತ್ತವೆ ಅಷ್ಟೇ. ಸಾಮಾನ್ಯವಾಗಿ ಸರ್ವೋ ಸುಮ್ನೆ ಅಲ್ಲಾಡದೆ ಕೂರುತ್ತದೆ, ಸುಡುವುದಿಲ್ಲ. ಆದರೆ ರೆಕ್ಕೆ ತೆಗೆದ ಮೇಲೆ ಉಲ್ಟಾ ಹೋಗುವುದನ್ನು ತಡೆಯುವುದು ನಿಮ್ಮ ಕಣ್ಣು ಮಾತ್ರ. ಪ್ರತಿ ಪ್ಲಗ್‌ನ ಸಿಗ್ನಲ್ ಬದಿಗೆ ಒಂದು ಚುಕ್ಕೆ ಬಿಳಿ ಪೇಂಟ್ ಇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ಗೆಳೆಯರೊಬ್ಬರ ಹಳೇ ಡಬ್ಬಿಯಿಂದ ಒಂದು ಸರ್ವೋ ತೆಗೆದುಕೊಂಡೆ. ಪ್ಲಗ್ ಒಳಗೆ ಹೋಯಿತು, ಸರಿ ಇದೆ ಅಂದುಕೊಂಡೆ. ಅದರ ಕೆಂಪು ವೈರ್ ಅಂಚಿನಲ್ಲಿತ್ತು, ನಾನು ನೋಡಲಿಲ್ಲ. ಎರಡು ಸೆಕೆಂಡಿನಲ್ಲಿ ವಾಸನೆ ಬಂತು, ಸರ್ವೋ ಹೋಯಿತು. ಅವತ್ತಿನಿಂದ ಕೆಂಪು ಮಧ್ಯದಲ್ಲಿ ಇಲ್ಲದಿದ್ದರೆ ರಿಸೀವರ್ ಹತ್ತಿರಕ್ಕೇ ತರುವುದಿಲ್ಲ. ಅಂಥದ್ದು ಸಿಕ್ಕರೆ ಪ್ಲಗ್ ಮೇಲಿನ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿ, ವೈರ್ ಎಳೆದರೆ ಪಿನ್ ಹೊರಗೆ ಬರುತ್ತದೆ. ಜಾಗ ಬದಲಿಸಿ ಮತ್ತೆ ತಳ್ಳಬಹುದು.

ಇನ್ನೊಂದು ಮಾತು. ನಿಮ್ಮ ರಿಸೀವರ್‌ನ ಐಬಸ್ ಜಾಗದಲ್ಲಿ ಸರ್ವೋ ಅಂತ ಬರೆದಿರುತ್ತದೆ. ಪ್ಲಗ್ ಅಲ್ಲಿಯೂ ಚೆನ್ನಾಗಿ ಕೂರುತ್ತದೆ, ಆದರೆ ಸರ್ವೋ ಓಡುವುದಿಲ್ಲ. ಅಲ್ಲಿ ಬರುವುದು ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಕಳಿಸುವ ಡೇಟಾ. ನಿಮ್ಮ ಸರ್ವೋಗೆ ಅರ್ಥವಾಗುವುದು 1ರಿಂದ 2 ಮಿಲಿಸೆಕೆಂಡ್ ಅಗಲದ ಪಲ್ಸ್ ಮಾತ್ರ, ನಡುವಿನ ಸ್ಥಾನಕ್ಕೆ ಒಂದೂವರೆ. ಆದ್ದರಿಂದ ಚಾನೆಲ್ 1ರಿಂದ 6ರವರೆಗಿನ ಜಾಗಗಳಿಗೇ ಹಾಕಿ.

ಎಸ್3003 ಹಳೇ ಕಾಲದ್ದು, 4.8ರಿಂದ 6 ವೋಲ್ಟ್ ಸಾಕು. ಇಎಸ್‌ಸಿಯ ಬಿಇಸಿ (ರಿಸೀವರ್, ಸರ್ವೋಗೆ ಕರೆಂಟ್ ಕೊಡುವ ಭಾಗ) 5 ವೋಲ್ಟ್ ಕೊಟ್ಟರೆ ಸರಿ. ಅದು ಸ್ವಿಚಿಂಗ್ ಬಿಇಸಿನಾ ನೋಡಿ. ಲೀನಿಯರ್ ಆದರೆ 4ಎಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಮಾವನ ಹಳೇ 4.8 ವೋಲ್ಟ್ ಬ್ಯಾಟರಿ ಪ್ಯಾಕ್ ಕೂಡ ಬಿಇಸಿ ಜೊತೆ ಒಟ್ಟಿಗೆ ಹಾಕಬೇಡಿ. ಹಾಕಲೇಬೇಕು ಅಂದರೆ ಇಎಸ್‌ಸಿ ಪ್ಲಗ್‌ನಿಂದ ಕೆಂಪು ಪಿನ್ ತೆಗೆದು ಟೇಪ್ ಸುತ್ತಿ.

ಎಸ್‌ಪಿರಸ್ತೆ_ಸಂಜೆ:
ಅಡಾಪ್ಟರ್ ಬಗ್ಗೆ ನಾನು ಹೇಳುತ್ತೇನೆ. ಬೆಂಚ್ ಮೇಲೆ ಪರೀಕ್ಷೆಗೆ ಪರವಾಗಿಲ್ಲ. ಹಾರಿಸಲು ಬೇಡ. ಮಧ್ಯೆ ಇನ್ನೊಂದು ಜೋಡಣೆ ಬಂದಷ್ಟೂ ಬಿಸಿ ಜಾಸ್ತಿ, ಸಡಿಲವಾಗುವ ಜಾಗವೂ ಜಾಸ್ತಿ. ಇಎಸ್‌ಸಿಯ ಟಿ ಪ್ಲಗ್ ತೆಗೆದು ಎಕ್ಸ್‌ಟಿ60 ಹಾಕಿ. ಬೆಂಗಳೂರಿಗೆ ಬಂದಾಗ ಎಸ್‌ಪಿ ರಸ್ತೆಯಲ್ಲಿ ಕೇಳಿ, ಸಿಗುತ್ತದೆ.

ಬೆಸುಗೆ ಹಾಕುವಾಗ ಅದರ ಜೋಡಿ ಪ್ಲಗ್ ಚುಚ್ಚಿಟ್ಟುಕೊಳ್ಳಿ. ಇಲ್ಲದಿದ್ದರೆ ಬಿಸಿಗೆ ನೈಲಾನ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಪ್ಲಸ್, ಮೈನಸ್ ಗುರುತು ಪ್ಲಾಸ್ಟಿಕ್ ಮೇಲೇ ಇದೆ, ಮೂರು ಸಲ ನೋಡಿ. ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ವೈರ್‌ಗೆ ತೂರಿಸಿಡಿ.

ಸೋಲ್ಡರ್_ಹೊಗೆ:
ಸರಿಯಾಗಿ ಹೇಳಿದಿರಿ. ಮುಂದೆ ಯಾವತ್ತಾದರೂ ಬ್ಯಾಟರಿ ಕಡೆಯ ಪ್ಲಗ್ ಬದಲಿಸಬೇಕಾದರೆ ಎರಡು ವೈರ್ ಒಟ್ಟಿಗೆ ಕತ್ತರಿಸಬೇಡಿ. ಕಟರ್ ಬಾಯಲ್ಲೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಬೆಸುಗೆ ಹಾಕಿ, ಮುಚ್ಚಿ, ಆಮೇಲೆ ಇನ್ನೊಂದು. ಬ್ಯಾಟರಿ ಕಡೆಗೆ ಲೋಹ ಹೊರಗೆ ಕಾಣದ ಫೀಮೇಲ್ ಭಾಗವೇ ಇರಬೇಕು.

ಬಾಲ್ಸಾ_ಶಿವಮೊಗ್ಗ:
ಅಣ್ಣಾ, ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ರೆಕ್ಕೆ ಕೆತ್ತಿ, ಚುಕ್ಕೆ ಇಟ್ಟೆ. ಎಕ್ಸ್‌ಟಿ60 ಕೂಡ ಆಯಿತು. ಪ್ರೊಪೆಲರ್ ಬಿಚ್ಚಿಟ್ಟು ಬ್ಯಾಟರಿ ಕೊಟ್ಟೆ. ಮೂರೂ ಸರ್ವೋ ಓಡುತ್ತಿವೆ. ಇಂಜಿನ್ ಇಲ್ಲದ್ದರಿಂದ ಥ್ರಾಟಲ್ ಸರ್ವೋ ಈಗ ಬೇಡ, ತೆಗೆದಿಟ್ಟೆ. ಮಾವ ಪಕ್ಕದಲ್ಲೇ ಕೂತಿದ್ದರು, ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಎದ್ದಿದ್ದು ನೋಡಿ ಮಾತೇ ಆಡಲಿಲ್ಲ, ಕನ್ನಡಕ ಒರೆಸಿಕೊಂಡರು.

ರಡ್ಡರ್ (ಬಾಲದ ನೆಟ್ಟಗಿನ ಪಟ್ಟಿ) ಮಾತ್ರ ಉಲ್ಟಾ ತಿರುಗುತ್ತಿದೆ. ಅದರ ಪ್ಲಗ್ ತಿರುಗಿಸಿ ಹಾಕಲಾ?

ಸೋಲ್ಡರ್_ಹೊಗೆ:
ಬೇಡ, ಪ್ಲಗ್ ಮುಟ್ಟಬೇಡಿ. ಟ್ರಾನ್ಸ್‌ಮಿಟರ್‌ನ ಫಂಕ್ಷನ್ಸ್ ಮೆನುವಿನಲ್ಲಿ ರಿವರ್ಸ್ ಅಂತ ಇದೆ, ಚಾನೆಲ್ 4 ಬದಲಿಸಿ. ಆಮೇಲೆ ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ಒತ್ತಿ, ರಡ್ಡರ್ ಬಲಕ್ಕೇ ಬರಬೇಕು. ಐಲೆರಾನ್‌ಗೂ (ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಹಾಗೇ ನೋಡಿ: ಸ್ಟಿಕ್ ಬಲಕ್ಕೆ ಒತ್ತಿದರೆ ಬಲ ರೆಕ್ಕೆಯದು ಮೇಲೇಳಬೇಕು. ಮಾವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರ ಕೈ ಈ ವಿಮಾನವನ್ನು ಮರೆತಿರುವುದಿಲ್ಲ.